ಜಾಗ ನೋಡಲು ಹೊರಡುವ ಮೊದಲು

ಈಚೆಗೆ ನಮ್ಮ ಕಾರ್ಯಾಲಯಕ್ಕೆ ಬರುವ ಓದುಗರಲ್ಲಿ ಕೆಲವರು ಹೊಸತೊಂದು ಪ್ರಶ್ನೆಯನ್ನು ತರುತ್ತಿದ್ದಾರೆ. ಶಾಲೆಯಲ್ಲಿ ಕನ್ನಡ ಬಲ್ಲ ಅಧ್ಯಾಪಕರಿಲ್ಲ, ಕಚೇರಿಯಲ್ಲಿ ಕನ್ನಡದ ಅರ್ಜಿ ನಮೂನೆಯಿಲ್ಲ ಎಂಬ ಹಳೆಯ ದೂರುಗಳು ನಿಂತಿವೆಯೆಂದಲ್ಲ. ಅವುಗಳನ್ನು ಹೇಳಿ ಮುಗಿಸಿದ ಬಳಿಕ, ಹೊರಡುವ ಹೊತ್ತಿಗೆ ಕೇಳುತ್ತಾರೆ: "ನಾವು ಹತ್ತು ಹನ್ನೆರಡು ಮನೆಯವರು ಸೇರಿ ಒಂದೇ ಕಡೆ ಜಾಗ ಕೊಂಡು ಮನೆ ಕಟ್ಟಿಕೊಳ್ಳೋಣವೆಂದಿದ್ದೇವೆ. ಜಾಗ ಎಲ್ಲಿ ನೋಡಿದರೆ ಒಳ್ಳೆಯದು?"

ಈ ಪ್ರಶ್ನೆ ಹುಟ್ಟಿದ ಹಿನ್ನೆಲೆ ಗಡಿನಾಡಿನ ಯಾರಿಗೂ ವಿವರಿಸಿ ಹೇಳಬೇಕಾದುದಿಲ್ಲ. ಮಗ ಬೆಂಗಳೂರಿನಲ್ಲಿ, ಮಗಳು ಕೊಲ್ಲಿ ರಾಷ್ಟ್ರದಲ್ಲಿ. ಅಡಿಕೆ ತೋಟದ ನಡುವಿನ ಹಂಚಿನ ಮನೆಯಲ್ಲಿ ಉಳಿದವರು ಇಬ್ಬರು ವೃದ್ಧರು. ಮರವೇರಲು ಜನವಿಲ್ಲ, ನಡುರಾತ್ರಿ ಎದೆನೋವು ಬಂದರೆ ಕೂಗಿದ ದನಿ ಕೇಳುವಷ್ಟು ಹತ್ತಿರ ಇನ್ನೊಂದು ಮನೆಯಿಲ್ಲ. ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದಿರುವ ಕಿರಿಯ ಅಧ್ಯಾಪಕರ, ನೌಕರರ ಕಷ್ಟ ಬೇರೆ ಬಗೆಯದು. ಅವರ ಮಕ್ಕಳಿಗೆ ಕನ್ನಡದಲ್ಲಿ ಮಾತನಾಡಿ ಆಡಲು ನೆರೆಯಲ್ಲಿ ಜೊತೆಯಿಲ್ಲ. ಇಂತಹ ಮನೆಗಳು ಒಂದಾಗಿ, ತಂತಮ್ಮ ಅಡುಗೆಮನೆಯನ್ನೂ ಬಾಗಿಲನ್ನೂ ಉಳಿಸಿಕೊಂಡು, ಬಾವಿ, ಅಂಗಳ, ವಾಚನಾಲಯ, ಅತಿಥಿಗಳ ಕೋಣೆ, ತುರ್ತಿಗೊಂದು ವಾಹನ ಇವನ್ನು ಹಂಚಿಕೊಂಡು ಬಾಳುವ ಯೋಚನೆ ಸಹಜವಾದುದು, ಸ್ತುತ್ಯವಾದುದು. ಹೊರದೇಶಗಳಲ್ಲಿ ಇದನ್ನು ಕೋ-ಹೌಸಿಂಗ್ ಎನ್ನುತ್ತಾರೆ. ನಾವು ಕೂಡುವಸತಿ ಎನ್ನೋಣ.

ಆದರೆ ಇಂತಹ ಯೋಚನೆಗಳು ಹೆಚ್ಚಾಗಿ ಮುರಿದು ಬೀಳುವುದು ಹಣದ ಅಭಾವದಿಂದಲ್ಲ, 'ಎಲ್ಲಿ' ಎಂಬ ಒಂದು ಮಾತಿನಿಂದ. ನಮಗೆ ತಿಳಿದ ಒಂದು ತಂಡ ಎರಡು ವರ್ಷ ಪ್ರತಿ ಆದಿತ್ಯವಾರ ದಲ್ಲಾಳಿಗಳ ಹಿಂದೆ ಸುತ್ತಿತು. ಒಬ್ಬರಿಗೆ ಮಂಗಳೂರಿಗೆ ಹತ್ತಿರವಾಗಬೇಕು, ಇನ್ನೊಬ್ಬರಿಗೆ ಕುಲದೇವರ ಸನ್ನಿಧಿ ದೂರವಾಗಬಾರದು, ಮತ್ತೊಬ್ಬರಿಗೆ ಕಡಲ ಗಾಳಿ ಬೇಕು. ಕಂಡ ಪ್ರತಿಯೊಂದು ಜಾಗವೂ ಕೆಲವರಿಗೆ ಹಿಡಿಸಿತು, ಕೆಲವರಿಗೆ ಹಿಡಿಸಲಿಲ್ಲ. ಕೊನೆಗೆ ಬೇಸತ್ತ ಒಬ್ಬರು ಉಳಿದವರನ್ನು ಕೇಳದೆ ಒಂದು ಗುಡ್ಡೆಗೆ ಮುಂಗಡ ಕೊಟ್ಟುಬಿಟ್ಟರು. ಆ ದಿನಕ್ಕೆ ತಂಡ ಮುಗಿಯಿತು. ಇಂದು ಅವರು ಮದುವೆ ಮನೆಗಳಲ್ಲಿ ಎದುರಾದರೂ ಮುಖ ತಿರುಗಿಸಿಕೊಳ್ಳುತ್ತಾರೆ. ಜಾಗ ಸಿಗದಿದ್ದುದಕ್ಕಿಂತ ಇದು ದೊಡ್ಡ ನಷ್ಟ.

ಈ ಕ್ರಮದ ವಸತಿಗೆ ಇಂದಿನ ರೂಪ ಕೊಟ್ಟ ದೇಶ ಡೆನ್ಮಾರ್ಕ್. ಅಲ್ಲಿಯೂ ಮೊದಲ ಪ್ರಯತ್ನ ಎಡವಿದ್ದು ಜಾಗದ ವಿಷಯದಲ್ಲಿಯೇ. 1964ರಲ್ಲಿ ಯಾನ್ ಗುಡ್ಮಂಡ್ ಹೋಯರ್ ಎಂಬ ವಾಸ್ತುಶಿಲ್ಪಿ ಗೆಳೆಯರನ್ನು ಕೂಡಿಸಿ ಕೋಪನ್‌ಹೇಗನ್ ನಗರದ ಅಂಚಿನ ಹಾರೆಸ್ಕೋವ್ ಎಂಬಲ್ಲಿ ನಿವೇಶನ ಕೊಂಡರು. ಹನ್ನೆರಡು ಮನೆಗಳ ನಕ್ಷೆ ಸಿದ್ಧವಾಯಿತು, ಅಧಿಕಾರಿಗಳೂ ಒಲವು ತೋರಿದರು. ಆದರೆ ನೆರೆಯವರು ಮಕ್ಕಳ ಗದ್ದಲ ಹೆಚ್ಚುವುದೆಂದು ಆಕ್ಷೇಪಿಸಿ, ನಿವೇಶನಕ್ಕೆ ಹೋಗುವ ದಾರಿಯ ತಕರಾರು ತೆಗೆದು ಕೆಲಸವನ್ನು ತಡೆದರು. ಆ ಜಾಗವನ್ನು ಬಿಡಬೇಕಾಯಿತು. 1967ರಲ್ಲಿ ಬೋದಿಲ್ ಗ್ರೋ ಎಂಬ ಲೇಖಕಿ ಮಕ್ಕಳಿಗೆ ಹೆತ್ತವರು ನೂರು ಮಂದಿ ಇರಬೇಕೆಂಬ ಅರ್ಥದ ತಲೆಬರಹ ಕೊಟ್ಟು ಪತ್ರಿಕೆಯೊಂದಕ್ಕೆ ಬರೆದಾಗ ಆಸಕ್ತರು ಮತ್ತೆ ಕೂಡಿದರು. 1972ರಲ್ಲಿ ಹಿಲೆರೋಡ್ ಬಳಿ 27 ಮನೆಗಳ ಸೆಟ್ಟೆದಾಮೆನ್ ವಸತಿಯೂ, 1973ರಲ್ಲಿ ಯೋನ್‌ಸ್ಟ್ರಪ್‌ನಲ್ಲಿ 33 ಮನೆಗಳ ಸ್ಕ್ರೋಪ್ಲಾನೆಟ್ ವಸತಿಯೂ ತಲೆಯೆತ್ತಿದವು. ಎಲ್ಲರನ್ನೂ ಒಂದೇ ಕಡೆಗೆ ಎಳೆಯದೆ ಎರಡು ಕಡೆ ಎರಡು ವಸತಿಗಳಾದವು ಎಂಬುದು ಗಮನಾರ್ಹ. ಮೊದಲ ಮಾತುಕತೆಯಿಂದ ಮೊದಲ ಮನೆಗೆ ಎಂಟು ವರ್ಷ ಹಿಡಿಯಿತೆಂಬುದನ್ನೂ ನಮ್ಮ ಉತ್ಸಾಹಿಗಳು ನೆನಪಿಡುವುದು ಲೇಸು.

ಹಾಗಾದರೆ ನಮ್ಮಲ್ಲಿ ಏನು ಮಾಡಬೇಕು? ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಜಾಗ ನೋಡಲು ಹೊರಡುವ ಮೊದಲು, ಯಾವುದಕ್ಕಾಗಿ ಕೂಡಿ ಬಾಳುತ್ತೇವೆ ಎಂಬುದನ್ನು ಮನೆಯಲ್ಲಿ ಕುಳಿತು ನಿರ್ಧರಿಸಬೇಕು. ಉದ್ದೇಶ ಖಚಿತವಾದರೆ ಜಿಲ್ಲೆಯ ಮುಕ್ಕಾಲು ಪಾಲು ತಾನಾಗಿ ಪಟ್ಟಿಯಿಂದ ಹೊರಗೆ ಹೋಗುತ್ತದೆ, ಉಳಿದ ಕಾಲು ಭಾಗದಲ್ಲಿ ಹುಡುಕಿದರೆ ಸಾಕು. ಉದ್ದೇಶವಿಲ್ಲದೆ ಹೊರಟವರಿಗೆ ಕಂಡ ಗುಡ್ಡೆಯೆಲ್ಲ ಜಗಳಕ್ಕೆ ಕಾರಣವಾಗುತ್ತದೆ.

ಗಡಿನಾಡಿನ ಕನ್ನಡ ಕುಟುಂಬಗಳ ಮಟ್ಟಿಗೆ ಈ ಉದ್ದೇಶಗಳಲ್ಲಿ ಮೊದಲನೆಯದು ಶಾಲೆಯೆಂದು ನಾವು ಭಾವಿಸುತ್ತೇವೆ. ಇದು ಭಾವುಕತೆಯ ಮಾತಲ್ಲ, ಲೆಕ್ಕದ ಮಾತು. ಜೂನ್ ತಿಂಗಳಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ನಡೆಯುವ ತಲೆ ಎಣಿಕೆಯ ಮೇಲೆ ಅಧ್ಯಾಪಕರ ಹುದ್ದೆ ನಿಂತಿದೆಯೆಂಬುದು ನಮ್ಮ ಹೆತ್ತವರಿಗೆಲ್ಲ ಗೊತ್ತು. ತರಗತಿಗೆ ಸರಾಸರಿ 15 ಮಕ್ಕಳಿಲ್ಲದ ಶಾಲೆ ಲಾಭದಾಯಕವಲ್ಲದ ಶಾಲೆಗಳ ಪಟ್ಟಿಗೆ ಬೀಳುತ್ತದೆ. ಹನ್ನೆರಡು ಮನೆಗಳಲ್ಲಿ ಎಂಟು ಹತ್ತು ಮಕ್ಕಳಿದ್ದರೂ ಸಾಕು, ಅವರು ಕಾಲ್ನಡಿಗೆಯಲ್ಲಿ ಹೋಗಬಹುದಾದ ಒಂದು ಕನ್ನಡ ಶಾಲೆಯ ಹಣೆಬರಹ ಬದಲಾದೀತು. ಅದೇ ಹನ್ನೆರಡು ಮನೆಗಳು ತಲಪಾಡಿ ದಾಟಿ ಹೋದರೆ ಈಚೆ ಬದಿಯ ಒಂದು ಶಾಲೆಯ ಹಾಜರಿ ಪುಸ್ತಕದಿಂದ ಎಂಟು ಹತ್ತು ಹೆಸರುಗಳು ಅಳಿಯುತ್ತವೆ. ಮಂಗಳೂರಿಗೆ ಆ ಹತ್ತು ಹೆಸರು ಲೆಕ್ಕಕ್ಕೇ ಬಾರದು, ನಮಗೆ ಅದು ಒಂದು ತರಗತಿಯ ಅಳಿವು ಉಳಿವಿನ ಪ್ರಶ್ನೆ.

ಚಂದ್ರಗಿರಿಯಿಂದ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತು. ಆ ಶಿಫಾರಸು ಕಡತದಲ್ಲಿಯೇ ಉಳಿಯಿತು. ಗಡಿರೇಖೆ ಬದಲಾಗಲಿ ಎಂದು ಕಾದು ಕುಳಿತ ತಲೆಮಾರಿನವರು ಮರೆಯಾಗುತ್ತಿದ್ದಾರೆ. ರೇಖೆ ಎಲ್ಲಿಯೇ ಇರಲಿ, ನಮ್ಮ ಮನೆಯನ್ನು ಎಲ್ಲಿ ಕಟ್ಟುವುದು ಎಂಬುದಂತೂ ನಮ್ಮ ಕೈಯಲ್ಲಿರುವ ವಿಷಯ. ಆದುದರಿಂದಲೇ ಇದನ್ನು ಖಾಸಗಿ ವ್ಯವಹಾರವೆಂದು ತಳ್ಳಿಬಿಡದೆ ಸಂಪಾದಕೀಯಕ್ಕೆ ಎತ್ತಿಕೊಂಡಿದ್ದೇವೆ.

ಆದರೂ ಶಾಲೆಯೊಂದನ್ನೇ ಹಿಡಿದು ಹಿರಿಯರ ಭಯವನ್ನು ಕಡೆಗಣಿಸುವುದು ಅನ್ಯಾಯ. ಮಂಗಳೂರಿನ ಕಡೆಗೆ ಒಲಿಯುವವರ ಕಾರಣ ಒಂದೇ, ಆಸ್ಪತ್ರೆ. 2020ರ ಮಾರ್ಚ್ ತಿಂಗಳ ಕೊನೆಯ ದಿನಗಳನ್ನು ಈ ಜಿಲ್ಲೆ ಮರೆಯಲಾರದು. ಕೋವಿಡ್ ಹೆಸರಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿಯಲಾಯಿತು, ತಲಪಾಡಿಯಲ್ಲಿ ರೋಗಿಗಳ ವಾಹನಗಳು ನಿಂತವು, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಹಲವರು ದಾರಿ ಸಿಗದೆ ಪ್ರಾಣ ಬಿಟ್ಟರು. ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯ ದಾರಿ ತೆರೆಯಬೇಕೆಂದಿತು, ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಈ ಅನುಭವದಿಂದ ಇಬ್ಬರು ಎರಡು ಪಾಠ ಕಲಿತಿದ್ದಾರೆ. ಗಡಿಯ ಆಚೆಗೇ ಹೋಗಿಬಿಡೋಣ ಎಂಬುದು ಒಂದು. ಆಚೆಯ ಆಸ್ಪತ್ರೆಯನ್ನು ನಂಬಿ ಬದುಕು ಕಟ್ಟಬಾರದು, ಈಚೆಯದನ್ನು ಬಲಪಡಿಸಬೇಕು ಎಂಬುದು ಇನ್ನೊಂದು. ನಾವು ಎರಡನೆಯ ಪಾಠದ ಪಕ್ಷ. 2013ರಲ್ಲಿ ಶಿಲಾನ್ಯಾಸವಾದ ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜು ತೆವಳುತ್ತ ಬಂದ ವೇಗವನ್ನು ಕಂಡ ಹಿರಿಯರು ಮೊದಲನೆಯ ಪಾಠಕ್ಕೆ ಅಂಟಿಕೊಂಡರೆ ಅವರನ್ನು ದೂಷಿಸಲೂ ಆಗದು. ಆದುದರಿಂದ ತಂಡ ಇಂತಿಷ್ಟು ನಿಮಿಷಗಳೊಳಗೆ ತುರ್ತು ಚಿಕಿತ್ಸೆ ಸಿಗುವ ಆಸ್ಪತ್ರೆಗೆ ತಲಪಬೇಕು ಎಂಬ ಮಿತಿಯನ್ನು ಹಾಕಿಕೊಳ್ಳಲಿ. ಆ ಮಿತಿಯನ್ನು ಹೇಳಬೇಕಾದವರು ಮೂವತ್ತರ ಹರೆಯದವರಲ್ಲ, ಎಪ್ಪತ್ತು ದಾಟಿದವರು.

ದೂರವನ್ನು ಅಳೆಯುವಾಗ ನಕ್ಷೆಯನ್ನು ನಂಬಬಾರದು. ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾಗಿ ಅಗಲಗೊಂಡ ಮೇಲೆ ಎದುರು ಕಾಣುವ ಶಾಲೆಗೆ ಹೋಗಲು ಕೆಳಸೇತುವೆ ಇರುವಲ್ಲಿಯವರೆಗೆ ಸುತ್ತಬೇಕಾದ ಮನೆಗಳು ಎಷ್ಟಿವೆ! ಏಳು ವರ್ಷದ ಮಗು ನಡೆದು ನೋಡಿ, ವಾಹನ ಓಡಿಸಲು ಬಾರದ ಅಜ್ಜಿ ಬಸ್ಸಿಗೆ ಕಾದು ನೋಡಿ ಹೇಳಿದ ದೂರವೇ ನಿಜವಾದ ದೂರ.

ಮೂರನೆಯದು ನೀರು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ, ಹನ್ನೆರಡು ಹೊಳೆಗಳು ಹರಿಯುವ ಜಿಲ್ಲೆಯಲ್ಲಿ ನೀರಿನ ಚಿಂತೆಯೇ ಎಂದು ಹೊರಗಿನವರು ಕೇಳಬಹುದು. ಮುರಕಲ್ಲಿನ ಪದವುಗಳ ಮೇಲೆ ಬಿದ್ದ ಮಳೆ ಎಷ್ಟು ಬೇಗ ಕಡಲು ಸೇರುತ್ತದೆ ಎಂಬುದನ್ನು ನಾವು ಬಲ್ಲೆವು. ಅದಕ್ಕಾಗಿಯೇ ನಮ್ಮ ಹಿರಿಯರು ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಸುರಂಗ ಕೊರೆದರು, ತೋಡಿಗೆ ಕಟ್ಟ ಕಟ್ಟಿದರು, ಮೇಲೆ ಮದಕ ಉಳಿಸಿಕೊಂಡರು. ಇಂದು ಅಗ್ಗಕ್ಕೆ ಸಿಗುವ ಜಾಗ ಹೆಚ್ಚಾಗಿ ಒಣ ಪದವು. ದಲ್ಲಾಳಿ ಅದನ್ನು ಅಕ್ಟೋಬರಿನಲ್ಲಿ, ಹಸಿರು ಹೊದ್ದಿರುವಾಗ ತೋರಿಸುತ್ತಾನೆ. ಹನ್ನೆರಡು ಮನೆಗಳು ಒಂದೇ ಕಡೆ ಕೊಳವೆಬಾವಿ ಇಳಿಸಿದರೆ ಕೆಳಗಿನ ತೋಟದವನ ಬಾವಿ ಏನಾದೀತು ಎಂಬುದನ್ನು ಅವನು ಹೇಳುವುದಿಲ್ಲ. ಆದುದರಿಂದ ಒಂದು ಕಟ್ಟುಪಾಡು ಅಗತ್ಯ. ಮೇ ತಿಂಗಳಲ್ಲಿ ಬಾವಿಯ ತಳ ನೋಡದೆ, ಜುಲೈಯಲ್ಲಿ ನೀರು ಹರಿಯುವ ದಾರಿ ನೋಡದೆ ಯಾವ ಜಾಗಕ್ಕೂ ಒಪ್ಪಿಗೆ ಕೊಡಬಾರದು. ಗೇರು ತೋಟಗಳಿಗೆ 2000ದ ವರೆಗೂ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದ ಗ್ರಾಮಗಳ ಜನ ಅನುಭವಿಸಿದ ಯಾತನೆ ನಮ್ಮ ಕಣ್ಣಮುಂದಿದೆ. ಎಲ್ಲಿಯೇ ಆಗಲಿ ಮಣ್ಣನ್ನೂ ನೀರನ್ನೂ ಪರೀಕ್ಷೆಗೆ ಕೊಡುವುದು ಅತಿಜಾಗ್ರತೆಯಲ್ಲ.

ಕಾನೂನಿನ ತೊಡಕುಗಳಲ್ಲಿ ನಾಲ್ಕನ್ನಷ್ಟೇ ಹೇಳುತ್ತೇವೆ. ಬಯಲಿನ ಗದ್ದೆ ಕಡಿಮೆ ಬೆಲೆಗೆ ಸಿಕ್ಕಿತೆಂದು ಹಿಗ್ಗಬಾರದು. 2008ರ ಗದ್ದೆ ಹಾಗೂ ಜೌಗು ಪ್ರದೇಶ ಸಂರಕ್ಷಣಾ ಕಾಯಿದೆಯಂತೆ ಡಾಟಾ ಬ್ಯಾಂಕಿನಲ್ಲಿ ಗದ್ದೆಯೆಂದು ಸೇರಿದ ಜಾಗಕ್ಕೆ ಮಣ್ಣು ತುಂಬಿಸುವಂತಿಲ್ಲ. ಪಂಚಾಯತಿನಲ್ಲಿ 10 ಸೆಂಟ್ಸಿನ ವಿನಾಯಿತಿ ಇದ್ದರೂ ಅದು ಮನೆ ಕಟ್ಟಲು ಬೇರೆ ಜಾಗವಿಲ್ಲದ ಮಾಲಕನಿಗೆ, ಸಮಿತಿ ಒಪ್ಪಿದರೆ ಮಾತ್ರ. ಕೂಡುವಸತಿಗೆ ಅದರಿಂದ ಉಪಯೋಗವಿಲ್ಲ. ದೊಡ್ಡ ರಬ್ಬರ್ ತೋಟದ ತುಂಡು ಮಾರಾಟಕ್ಕಿದ್ದರೆ, ಆ ತೋಟ 1963ರ ಭೂಸುಧಾರಣಾ ಕಾಯಿದೆಯ ಮಿತಿಯಿಂದ ವಿನಾಯಿತಿ ಪಡೆದುದೇ ಎಂದು ವಿಚಾರಿಸಬೇಕು. ತೋಟವೆಂದು ವಿನಾಯಿತಿ ಪಡೆದ ಭೂಮಿಯಲ್ಲಿ ಮನೆಗಳ ಸಾಲು ಕಟ್ಟಹೊರಟರೆ ಕೈ ಸುಟ್ಟುಕೊಳ್ಳಬೇಕಾದೀತು. ವರ್ಗ ಜಮೀನಿನ ಜೊತೆಗೆ ಕುಮ್ಕಿಯನ್ನೂ ಲೆಕ್ಕ ಹಿಡಿದು ಎಕ್ರೆ ಹೇಳುವವರಿದ್ದಾರೆ. ಕುಮ್ಕಿ ಸೊಪ್ಪು ಸೌದೆಯ ಅನುಕೂಲಕ್ಕೆ ಬಂದುದೇ ಹೊರತು ಮನೆ ಕಟ್ಟುವ ಹಕ್ಕಿಗಲ್ಲ. ನಾಲ್ಕನೆಯದು ದಾರಿ. ಹಾರೆಸ್ಕೋವಿನಲ್ಲಿ ಆದುದು ನಮ್ಮಲ್ಲಿಯೂ ಆಗುತ್ತದೆ. ನೆರೆಯವನ ಹಿತ್ತಿಲ ಮೂಲಕ ಬಾಯಿಮಾತಿನಲ್ಲಿ ನಡೆದುಬಂದ ದಾರಿ ಒಂದು ಮನೆಗೆ ಸಾಕಾದೀತು, ಹನ್ನೆರಡು ಮನೆಗಳ ವಾಹನಗಳಿಗೆ ಆಧಾರದಲ್ಲಿಯೇ ದಾರಿಯ ಹಕ್ಕು ಬರೆದಿರಬೇಕು.

ಇನ್ನು ಒಮ್ಮತಕ್ಕೆ ಬರುವ ಬಗೆ. ನಮ್ಮ ಊರುಗಳಲ್ಲಿ ಹತ್ತು ಸಮಸ್ತರು ಕೂಡಿ ತೀರ್ಮಾನಿಸುವ ಪದ್ಧತಿ ಹಳೆಯದು. ಆದರೆ ಆ ಕೂಟಗಳಲ್ಲಿ ಯಜಮಾನರು ಮಾತನಾಡುತ್ತಿದ್ದರು, ಹೆಂಗಸರು ಒಳಗೆ ಚಹಾ ಮಾಡುತ್ತಿದ್ದರು. ಕೂಡುವಸತಿಯಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆ ಬಾಳಬೇಕಾದವರು ಆ ಹೆಂಗಸರು, ವೃದ್ಧರು, ಮಕ್ಕಳು. ಆದುದರಿಂದ ಮನೆಗೊಂದು ಅಭಿಪ್ರಾಯವಲ್ಲ, ಪ್ರತಿಯೊಬ್ಬ ಪ್ರಾಯಸ್ಥರೂ ಬೇರೆ ಬೇರೆ ಚೀಟಿಯಲ್ಲಿ ತಮಗೆ ಇಲ್ಲದೆ ಆಗದ ಮೂರು ಸಂಗತಿ, ಬಿಟ್ಟುಕೊಡಬಹುದಾದ ಮೂರು ಸಂಗತಿ ಬರೆಯಲಿ. ಬರೆಯಲಾಗದವರ ಮಾತನ್ನು ಬೇರೆ ಮನೆಯವರು ಬರೆದುಕೊಳ್ಳಲಿ. ಚೀಟಿಗಳನ್ನು ಒಟ್ಟಿಗೆ ಓದಿದಾಗ ಒಂದೇ ಮನೆಯ ಗಂಡ ಹೆಂಡಿರ ಉತ್ತರ ಬೇರೆಯಾಗಿರುವುದು ಕಂಡರೆ ಆಶ್ಚರ್ಯವಿಲ್ಲ. ಮನೆ ಕಟ್ಟಿದ ಮೇಲೆ ತಿಳಿಯುವುದಕ್ಕಿಂತ ಅದು ಈಗಲೇ ತಿಳಿಯುವುದು ಮೇಲು.

ಬಳಿಕ ತಾಲೂಕಿನ ನಕ್ಷೆಯೊಂದನ್ನು ಮೇಜಿನ ಮೇಲೆ ಹಾಸಿ, ಇಲ್ಲದೆ ಆಗದ ಸಂಗತಿಗಳಿಗೆ ಒಂದೊಂದು ವೃತ್ತ ಎಳೆಯಬೇಕು. ಕನ್ನಡ ಶಾಲೆಗೊಂದು, ಆಸ್ಪತ್ರೆಗೊಂದು, ರೈಲು ನಿಲ್ದಾಣಕ್ಕೋ ಬಸ್ಸಿನ ದಾರಿಗೋ ಒಂದು, ಕೆಲಸಕ್ಕೆ ಹೋಗುವವರಿಗೊಂದು. ವೃತ್ತಗಳು ಒಂದರ ಮೇಲೊಂದು ಬೀಳುವ ಸ್ಥಳವೇ ಹುಡುಕಬೇಕಾದ ಸ್ಥಳ. ಅದು ಕುಂಬಳೆಯ ಒಳನಾಡಾಗಬಹುದು, ಬದಿಯಡ್ಕದ ಸುತ್ತುಮುತ್ತ ಆಗಬಹುದು, ಮಂಜೇಶ್ವರದ ಪೂರ್ವಕ್ಕಾಗಬಹುದು. ಎಲ್ಲಿ ಎಂಬುದನ್ನು ನಾವು ಹೇಳಲಾರೆವು, ಆ ತಂಡದ ವೃತ್ತಗಳೇ ಹೇಳಬೇಕು.

ಬೆಲೆಯ ಮಿತಿಯನ್ನು ತಂಡದಲ್ಲಿ ಅತ್ಯಂತ ಕಡಿಮೆ ಅನುಕೂಲವುಳ್ಳ ಮನೆಯವರು ಹಾಕಲಿ. ಆಧಾರ ಮಾಡಿಸುವಾಗ ಮುದ್ರಾಂಕಕ್ಕೆ ನೂರಕ್ಕೆ 8, ನೋಂದಣಿಗೆ ನೂರಕ್ಕೆ 2 ಎಂದು ಹತ್ತನೆಯ ಒಂದು ಭಾಗ ಮೇಲೆ ಬೀಳುವುದನ್ನು ಆ ಮಿತಿಯೊಳಗೇ ಲೆಕ್ಕ ಹಾಕಬೇಕು. ಹಾಗಲ್ಲದೆ ಉಳ್ಳವರು ಬೆಲೆ ನಿಶ್ಚಯಿಸಿದರೆ ಸಂಬಳವೊಂದನ್ನೇ ನಂಬಿದ ಅಧ್ಯಾಪಕನ ಮನೆಯವರು ಏನೋ ನೆವ ಹೇಳಿ ಮೆಲ್ಲನೆ ಹಿಂಜರಿಯುತ್ತಾರೆ. ಕಾರಣ ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ.

ಮತಕ್ಕೆ ಹಾಕಿ ಏಳಕ್ಕೆ ಐದೆಂದು ತೀರ್ಮಾನಿಸುವುದು ಸಭೆಗೆ ಸರಿ, ವಸತಿಗೆ ಸರಿಯಲ್ಲ. ಸೋತ ಐದು ಮನೆಯವರು ಮನೆ ಕಟ್ಟಲು ಬರುವುದಿಲ್ಲ. 'ನಿಮಗೆ ಇದು ಎಲ್ಲಕ್ಕಿಂತ ಇಷ್ಟವೇ' ಎಂದು ಕೇಳುವ ಬದಲು 'ಇಲ್ಲಿ ಬಾಳಲು ನಿಮ್ಮಿಂದ ಆದೀತೇ' ಎಂದು ಕೇಳಬೇಕು. ಆಗದು ಎನ್ನುವವರು ಕಾರಣ ಹೇಳಬೇಕು. ಆ ಕಾರಣ ಮೊದಲೇ ಒಪ್ಪಿದ ಪಟ್ಟಿಯಲ್ಲಿದ್ದರೆ ಜಾಗವನ್ನು ಬಿಡಬೇಕು, ಇಲ್ಲದಿದ್ದರೆ ಮತ್ತೊಮ್ಮೆ ಯೋಚಿಸುವಂತೆ ವಿನಂತಿಸಬೇಕು. ಜಾಗ ನೋಡಲು ಮೂವರ ಸಮಿತಿ ಸಾಕು. ಅವರು ಕಂಡುದನ್ನು ಬರೆದು ತರಲಿ. ಮೂವರ ಸಹಿಯಿಲ್ಲದೆ, ಎಲ್ಲರ ಒಪ್ಪಿಗೆಯಿಲ್ಲದೆ ಒಂದು ರೂಪಾಯಿ ಮುಂಗಡವೂ ಯಾರ ಕೈಯಿಂದಲೂ ಹೋಗಬಾರದು.

ವೃತ್ತಗಳು ಎಲ್ಲಿಯೂ ಕೂಡದಿದ್ದರೆ? ಆಗ ತಂಡ ಎರಡಾಗಲಿ. ಮಂಗಳೂರಿನ ಹತ್ತಿರವೇ ಇರಬೇಕಾದ ರೋಗಿಯ ಮನೆಯವರನ್ನು ಭಾಷಾದ್ರೋಹಿಗಳೆಂದು ಹಂಗಿಸುವ ಅಧಿಕಾರ ಯಾರಿಗೂ ಇಲ್ಲ. ಒಂದು ಸಂಜೆಯ ಮಾತಿನಲ್ಲಿ ಸ್ನೇಹದಿಂದ ಬೇರೆಯಾಗುವುದು, ಎರಡು ವರ್ಷ ಅಲೆದು ವೈರದಿಂದ ಬೇರೆಯಾಗುವುದಕ್ಕಿಂತ ಎಷ್ಟೋ ಮೇಲು.

ಕೊನೆಯದಾಗಿ ಒಂದು ಎಚ್ಚರಿಕೆ. ಕನ್ನಡ ಕುಟುಂಬಗಳು ಕೂಡಿ ಬಾಳುವುದೆಂದರೆ ಸುತ್ತ ಗೋಡೆ ಎಬ್ಬಿಸಿ ಕೋಟೆ ಕಟ್ಟುವುದೆಂದು ಯಾರೂ ತಿಳಿಯಬಾರದು. ಇದು ಸಪ್ತಭಾಷಾ ಸಂಗಮ ಭೂಮಿ. ನಮ್ಮ ಅನೇಕ ಮನೆಗಳ ಒಳಗೇ ತುಳು, ಕೊಂಕಣಿ, ಹವ್ಯಕ, ಮರಾಟಿ ಮಾತುಗಳಿವೆ. ಬೇಲಿಯಾಚೆ ಮಲೆಯಾಳವೂ ಬ್ಯಾರಿಯೂ ಇವೆ. ಜಾಗ ಒಪ್ಪಿಗೆಯಾದ ಬಳಿಕ, ಆಧಾರ ಮಾಡಿಸುವ ಮೊದಲು, ತಂಡದವರು ನೆರೆಯ ಪ್ರತಿ ಮನೆಯ ಮೆಟ್ಟಲೇರಿ ತಾವು ಯಾರು, ಎಷ್ಟು ಮನೆ, ನೀರು ಎಲ್ಲಿಂದ, ವಾಹನ ಯಾವ ದಾರಿಯಲ್ಲಿ ಎಂದು ಅವರ ಭಾಷೆಯಲ್ಲಿಯೇ ಹೇಳಿ ಬರಲಿ. ವಾಚನಾಲಯದ ಬಾಗಿಲು ಅವರ ಮಕ್ಕಳಿಗೂ ತೆರೆದಿರಲಿ. ಡೆನ್ಮಾರ್ಕಿನವರು ಜಾಗ ಕಳೆದುಕೊಂಡು ಕಲಿತ ಪಾಠವನ್ನು ನಾವು ಕಳೆದುಕೊಳ್ಳದೆಯೇ ಕಲಿಯಬಹುದು.

ಮುಂದಿನ ಬೇಸಗೆಯ ರಜೆಯಲ್ಲಿ ಬೆಂಗಳೂರಿನಿಂದ, ಕೊಲ್ಲಿಯಿಂದ ಮಕ್ಕಳು ಊರಿಗೆ ಬರುತ್ತಾರೆ. ಬಂದವರು ತೋಟ ಮಾರುವ ಮಾತೆತ್ತುವ ಮೊದಲು ಈ ಚೀಟಿಗಳನ್ನು ಬರೆಯಿಸುವ ಕೆಲಸ ಮಾಡಲಿ. ಜೂನ್ ತಿಂಗಳ ಆರನೆಯ ಕೆಲಸದ ದಿನ ಮತ್ತೆ ಬರುತ್ತದೆ, ಕನ್ನಡ ಶಾಲೆಯ ಅಧ್ಯಾಪಕರು ಹಾಜರಿ ಪುಸ್ತಕ ಹಿಡಿದು ಹೆಸರು ಕೂಗುತ್ತಾರೆ. ನಮ್ಮ ಮನೆಗಳು ಎಲ್ಲಿರಬೇಕೆಂದು ನಾವು ನಿರ್ಧರಿಸುವಾಗ ಆ ಹಾಜರಿ ಪುಸ್ತಕವೂ ಮೇಜಿನ ಮೇಲಿರಲೆಂದು ಓದುಗರಲ್ಲಿ ನಮ್ಮ ವಿನಂತಿ.